ಬಿಸಿಯೂಟದ ನಂತರ ಕಾಣೆಯಾಗುತ್ತಿದ್ದ ಹುಡುಗ: ಲಗ್ಗೆರೆಯ ಒಂದು ಕುಟುಂಬದ ಪ್ರಕರಣ ಅಧ್ಯಯನ

ಜುಲೈ ತಿಂಗಳ ಒಂದು ಸಂಜೆ ಏಳೂವರೆಗೆ ಆ ತಾಯಿ ನಮ್ಮ ಕೇಂದ್ರದ ಮೆಟ್ಟಿಲು ಹತ್ತಿ ಬಂದಾಗ ಗಾರ್ಮೆಂಟ್ಸ್ ಕಾರ್ಖಾನೆಯ ಗುರುತಿನ ಚೀಟಿ ಇನ್ನೂ ಕೊರಳಲ್ಲೇ ಇತ್ತು. ಸೆರಗಿಗೆ, ತೋಳಿಗೆ ನೂಲಿನ ಎಳೆಗಳು ಅಂಟಿಕೊಂಡಿದ್ದವು. ಕೈಯಲ್ಲಿ ಎರಡು ಕಾಗದಗಳಿದ್ದವು. ಒಂದು, ಶಾಲೆಯವರು ಹೇಳಿ ಬರೆಸಿದ ವರ್ಗಾವಣೆ ಪತ್ರದ ಅರ್ಜಿ. ಸಹಿ ಇನ್ನೂ ಬಿದ್ದಿರಲಿಲ್ಲ. ಇನ್ನೊಂದು, ಠಾಣೆಯಲ್ಲಿ ಒಬ್ಬರು ನಮ್ಮ ವಿಳಾಸ ಬರೆದುಕೊಟ್ಟಿದ್ದ ಚೀಟಿ. ಕುಳಿತುಕೊಳ್ಳುವ ಮೊದಲೇ ಅವರು ಕೇಳಿದರು: "ಇವನನ್ನು ಯಾವುದಾದರೂ ಹಾಸ್ಟೆಲಿಗೆ ಸೇರಿಸಿಬಿಡಿ ಮೇಡಂ. ನನ್ನ ಕೈಲಿ ಆಗುವುದಿಲ್ಲ." ಹದಿನೈದು ವರ್ಷದ ಮಗ ಹೊರಗೆ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕುಳಿತಿದ್ದ. ಆ ದಿನ ಅವನು ಒಳಗೆ ಬರಲೇ ಇಲ್ಲ.

ನಾನು ಮನೋವೈದ್ಯಕೀಯ ಸಮಾಜ ಕಾರ್ಯದಲ್ಲಿ ತರಬೇತಿ ಪಡೆದವಳು. ನಮ್ಮದು ಎರಡು ಕೋಣೆಗಳ ಚಿಕ್ಕ ಕೇಂದ್ರ. ಹದಿಹರೆಯದ ಮಕ್ಕಳಿಗೂ ಅವರ ಮನೆಯವರಿಗೂ ಸಂಜೆಯ ಹೊತ್ತು ನೆರವಾಗುವುದು ನಮ್ಮ ಕೆಲಸ. ಈ ಕುಟುಂಬದ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ. ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಬೆಂಗಳೂರಿನಲ್ಲಿ ಇಂಥ ಮಗುವಿಗೆ ಸಿಗಬಹುದಾದ ಸೇವೆಗಳು ಕಡಿಮೆಯೇನಲ್ಲ. ನಾವು ನೋಡುವ ಹೊತ್ತಿಗಾಗಲೇ ಈ ಹುಡುಗನನ್ನು ಶಾಲೆ ನೋಡಿತ್ತು, ಠಾಣೆ ನೋಡಿತ್ತು, ಬೀದಿಯವರೆಲ್ಲ ನೋಡಿದ್ದರು. ಆದರೆ ಒಬ್ಬರು ಕಂಡದ್ದು ಇನ್ನೊಬ್ಬರಿಗೆ ತಲುಪಿರಲಿಲ್ಲ. ಮೊದಲ ಆರು ವಾರ ನಾನೂ ನನಗೆ ಕಂಡಷ್ಟನ್ನೇ ನಂಬಿಕೊಂಡು ಕುಳಿತಿದ್ದೆ.

ಮನೆಯ ಹಿನ್ನೆಲೆ

ಶಿರಾ ತಾಲ್ಲೂಕಿನ ಕಡೆಯ ಕುಟುಂಬ. ಕಡಲೆಕಾಯಿ ಹೊಲಕ್ಕೆ ನೀರುಣಿಸುತ್ತಿದ್ದ ಕೊಳವೆ ಬಾವಿ ಬತ್ತಿದ ಮೇಲೆ ಗಂಡ ಹೆಂಡತಿ ಬೆಂಗಳೂರಿಗೆ ಬಂದರು. ಮಗನನ್ನು ಊರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದರು. ಅವನು ಐದನೇ ತರಗತಿ ಮುಗಿಸುವ ಹೊತ್ತಿಗೆ ಅಜ್ಜಿಗೆ ಕಣ್ಣು ಮಂಜಾಯಿತು, ಇಲ್ಲಿಗೆ ಕರೆತಂದರು. ತಂದೆ ಪೀಣ್ಯದಲ್ಲಿ ಲಗೇಜ್ ಆಟೊ ಓಡಿಸುತ್ತಾರೆ. ತಾಯಿ ಪೀಣ್ಯ ಎರಡನೇ ಹಂತದ ಗಾರ್ಮೆಂಟ್ಸಿನಲ್ಲಿ ಟೈಲರ್. ಗಂಟೆಗಿಷ್ಟು ಎಂದು ಟಾರ್ಗೆಟ್ ಇರುವ ಲೈನಿನಲ್ಲಿ ಕಾಲರ್ ಹೊಲಿಯುತ್ತಾರೆ. ಎಂಟು ವರ್ಷದ ಮಗಳಿದ್ದಾಳೆ. ಒಂದು ಕೋಣೆ, ಒಂದು ಅಡುಗೆಮನೆಯ ಶೀಟಿನ ಮನೆ. ವಾರಕ್ಕೊಮ್ಮೆ ಸಂಘದ ಸಾಲದ ಕಂತು.

ತಂದೆ ದಿನವೂ ಕುಡಿಯುತ್ತಾರೆ ಎಂಬುದನ್ನು ತಾಯಿ ಎರಡನೇ ಭೇಟಿಯಲ್ಲಿ, ಅದೂ ಎದ್ದು ಹೊರಡುವಾಗ ಹೇಳಿದರು. ಇಂಥ ಮಾತು ಸಾಮಾನ್ಯವಾಗಿ ಬಾಗಿಲ ಬಳಿಯೇ ಬರುತ್ತದೆ. ಅದಕ್ಕಾಗಿ ಕೊನೆಯ ಐದು ನಿಮಿಷವನ್ನು ನಾನು ಯಾವಾಗಲೂ ಖಾಲಿ ಇಟ್ಟುಕೊಳ್ಳುತ್ತೇನೆ.

ಮಗನ ಮೇಲಿದ್ದ ದೂರುಗಳು ಇವು: ಎಂಟನೇ ತರಗತಿಯ ನಡುವಿನಿಂದ ಶಾಲೆ ತಪ್ಪಿಸುತ್ತಿದ್ದಾನೆ. ಗೊರಗುಂಟೆಪಾಳ್ಯದ ಕಡೆ ತನಗಿಂತ ದೊಡ್ಡ ಹುಡುಗರ ಜೊತೆ ಕೂರುತ್ತಾನೆ. ಬಟ್ಟೆ ಪೆಟ್ರೋಲಿನಂಥ ವಾಸನೆ ಹೊಡೆಯುತ್ತದೆ. ಮಾತನಾಡಿಸಿದರೆ ಪಾತ್ರೆ ಎಸೆಯುತ್ತಾನೆ. ಹೋದ ವಾರ ಪಕ್ಕದ ಮನೆಯ ಕಿಟಕಿಯಲ್ಲಿಟ್ಟಿದ್ದ ಮೊಬೈಲ್ ಎತ್ತಿಕೊಂಡು ಹೋಗಿ ಸಿಕ್ಕಿಬಿದ್ದಿದ್ದಾನೆ.

ಠಾಣೆಯಲ್ಲಿ ನಡೆದದ್ದು ಕಾನೂನಿನಂತೆಯೇ ನಡೆದಿತ್ತು. ಅದು ಈ ಹುಡುಗನ ಅದೃಷ್ಟ. ಬಾಲ ನ್ಯಾಯ ಕಾಯ್ದೆ 2015 ಮತ್ತು ಅದರ 2016ರ ಮಾದರಿ ನಿಯಮಗಳ ಪ್ರಕಾರ, ಘೋರ ಅಪರಾಧವಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ್ದಲ್ಲದಿದ್ದರೆ, ಮಗುವಿನ ಮೇಲೆ ಎಫ್‌ಐಆರ್ ದಾಖಲಿಸುವಂತಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದುಕೊಂಡು, ಮಗುವಿನ ಮನೆಯ ಸ್ಥಿತಿಗತಿಯ ವರದಿ ತಯಾರಿಸಬೇಕು. ಲಾಕಪ್ಪಿಗೆ ಹಾಕುವಂತಿಲ್ಲ, ಕೈಕೋಳ ತೊಡಿಸುವಂತಿಲ್ಲ. ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಸಮವಸ್ತ್ರವಿಲ್ಲದೆ ಅವನ ಜೊತೆ ಮಾತನಾಡಿದ್ದರು. ಮೊಬೈಲ್ ಮರಳಿ ಸಿಕ್ಕಿತು, ಪಕ್ಕದ ಮನೆಯವರು ಅಲ್ಲಿಗೇ ಬಿಟ್ಟರು. ಆ ಅಧಿಕಾರಿ ಬರೆದುಕೊಟ್ಟ ಚೀಟಿಯೇ ತಾಯಿಯ ಕೈಯಲ್ಲಿದ್ದದ್ದು.

ಹಾಸ್ಟೆಲಿನ ಮಾತಿಗೆ ನಾನು ಕೂಡಲೇ ಇಲ್ಲ ಎನ್ನಲಿಲ್ಲ. ದಣಿದ ತಾಯಿಗೆ ಮೊದಲ ಮಾತಿನಲ್ಲೇ ನಿರಾಕರಣೆ ಸಿಕ್ಕಿದರೆ ಎರಡನೇ ಸಲ ಬರುವುದಿಲ್ಲ. ಮಕ್ಕಳ ಕಲ್ಯಾಣ ಸಮಿತಿ ಎಂಬುದಿದೆ, ಪಾಲನೆ ಪೋಷಣೆ ಬೇಕಾದ ಮಕ್ಕಳನ್ನು ಅದರ ಮುಂದೆ ಹಾಜರುಪಡಿಸಬಹುದು, ಆದರೆ ಮಗುವನ್ನು ಸಂಸ್ಥೆಯಲ್ಲಿ ಇರಿಸುವುದು ಕೊನೆಯ ದಾರಿ ಎಂದು ಅದೇ ಕಾಯ್ದೆ ಹೇಳುತ್ತದೆ ಎಂದು ವಿವರಿಸಿದೆ. "ಮೂರು ತಿಂಗಳು ಕೊಡಿ. ಆಮೇಲೂ ಬೇಕೆನ್ನಿಸಿದರೆ ನಾನೇ ನಿಮ್ಮ ಜೊತೆ ಬರುತ್ತೇನೆ" ಎಂದೆ. ವರ್ಗಾವಣೆ ಪತ್ರದ ಅರ್ಜಿಗೆ ಸಹಿ ಮಾಡಬೇಡಿ ಎಂದು ಮಾತ್ರ ಒತ್ತಿ ಹೇಳಿದೆ. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಎಂಟನೇ ತರಗತಿಯವರೆಗೆ ಮಾತ್ರ. ಒಂಬತ್ತರಲ್ಲಿ ಶಾಲೆಯಿಂದ ಹೊರಬಿದ್ದ ಮಗುವನ್ನು ಮತ್ತೆ ಒಳಗೆ ತರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಿತ್ತು.

ನಾನು ಎಡವಿದ ಆರು ವಾರ

ಹುಡುಗ ಮೂರನೇ ಸಲ ಒಳಗೆ ಬಂದ. ಹದಿಹರೆಯದವರ ಜೊತೆ ಮಾತನಾಡಲು ನಮಗೊಂದು ಕ್ರಮವಿದೆ: ಮನೆ, ಓದು, ಹೊತ್ತು ಕಳೆಯುವ ಬಗೆ, ಅಮಲು, ಗೆಳೆತನ, ಕೊನೆಗೆ ಸಾಯುವ ಯೋಚನೆ. ಹಗುರವಾದದ್ದರಿಂದ ಭಾರವಾದದ್ದಕ್ಕೆ ಹೋಗುತ್ತೇವೆ. ಓದಿನ ಪ್ರಶ್ನೆಗೆ ಅವನು "ಇಷ್ಟವಿಲ್ಲ ಅಕ್ಕ" ಎಂದಷ್ಟೇ ಹೇಳಿ ಉಗುರು ನೋಡಿಕೊಂಡ. ಅಮಲಿನ ಪ್ರಶ್ನೆಗೆ ಮುಚ್ಚಿಡದೆ ಉತ್ತರಿಸಿದ. ಪಂಕ್ಚರ್ ಹಾಕುವ ಸೊಲ್ಯೂಷನ್ನನ್ನು ಬಟ್ಟೆಗೆ ಹಚ್ಚಿ ಮೂಸುತ್ತಿದ್ದ. ವಾರಕ್ಕೆ ನಾಲ್ಕೈದು ದಿನ. ಕೊನೆಯ ಪ್ರಶ್ನೆಗೆ, "ನಾನು ಇಲ್ಲದಿದ್ದರೆ ಅಮ್ಮನಿಗೆ ಆರಾಮ ಅಲ್ಲವಾ" ಎಂದ.

ಆ ಮಾತು ಬಂದ ಮೇಲೆ ಉಳಿದದ್ದನ್ನೆಲ್ಲ ಪಕ್ಕಕ್ಕಿಟ್ಟೆ. ಸಾಯುವ ಉಪಾಯವೇನೂ ಅವನ ತಲೆಯಲ್ಲಿರಲಿಲ್ಲ, ಆದರೆ ಯೋಚನೆ ಬಂದು ಹೋಗುತ್ತಿತ್ತು. ತಾಯಿಗೆ ಇದನ್ನು ಹೇಳಲೇಬೇಕಾಗುತ್ತದೆ ಎಂದು ಮೊದಲು ಅವನಿಗೆ ತಿಳಿಸಿ, ಅವನ ಎದುರಿಗೇ ಹೇಳಿದೆ. ರಾತ್ರಿ ಹೊತ್ತು ಏನಾದರೂ ಆದರೆ ಯಾರನ್ನು ಎಬ್ಬಿಸಬೇಕು, ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂದು ಮೂವರೂ ಕುಳಿತು ಬರೆದೆವು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ, 14416, ಹಗಲು ರಾತ್ರಿ ಕನ್ನಡದಲ್ಲಿ ಸಿಗುತ್ತದೆ. ಮಕ್ಕಳ ಸಹಾಯವಾಣಿ 1098. ಎರಡನ್ನೂ ತಾಯಿಯ ಮೊಬೈಲಿನಲ್ಲಿ ಸೇರಿಸಿದೆ.

ಸೊಲ್ಯೂಷನ್ ಬಗ್ಗೆ ಇಬ್ಬರಿಗೂ ಒಂದು ಮಾತು ಸ್ಪಷ್ಟವಾಗಿ ಹೇಳಿದೆ. ಮಕ್ಕಳ ಜೊತೆ ಇರುವ ಎಲ್ಲರಿಗೂ ಇದು ತಿಳಿದಿರಬೇಕು. ಆ ಅಂಟಿನ ಆವಿಯಲ್ಲಿರುವ ಟೊಲ್ವೀನ್‌ನಂಥ ದ್ರಾವಕಗಳು ಹೃದಯದ ಬಡಿತವನ್ನೇ ಏರುಪೇರು ಮಾಡುತ್ತವೆ. ಮೂಸಿದ ಮಗುವನ್ನು ಆ ಕ್ಷಣದಲ್ಲಿ ಬೆದರಿಸಿದರೆ, ಅಟ್ಟಿಸಿಕೊಂಡು ಹೋದರೆ, ಗಾಬರಿಯಲ್ಲೇ ಹೃದಯ ನಿಲ್ಲುವ ಅಪಾಯವಿದೆ. ಮೊದಲ ಸಲ ಮೂಸಿದವರಿಗೂ ಈ ಅಪಾಯ ತಪ್ಪಿದ್ದಲ್ಲ. ಕಿಟಕಿ ತೆಗೆಯಬೇಕು, ಕೂರಿಸಬೇಕು, ಮೆತ್ತಗೆ ಮಾತನಾಡಿಸಬೇಕು. ಬೈಯುವುದನ್ನು ಮರುದಿನಕ್ಕೆ ಇಟ್ಟುಕೊಳ್ಳಬೇಕು. ಈ ಚಟ ಬಿಡಿಸುವುದಕ್ಕೆಂದೇ ಇರುವ ಮಾತ್ರೆಯಿಲ್ಲ. ಮಗುವಿನ ದಿನವನ್ನು ಬೇರೆ ಏನಾದರೂ ತುಂಬಬೇಕು.

ಇಲ್ಲಿಯವರೆಗೆ ಸರಿಯಾಗಿಯೇ ನಡೆದಿದ್ದೆ. ಎಡವಿದ್ದು ಮುಂದೆ. ಅಮಲೇ ಕಾಯಿಲೆ, ಶಾಲೆ ಬಿಟ್ಟದ್ದು ಅದರ ಫಲ ಎಂದು ತೀರ್ಮಾನಿಸಿಬಿಟ್ಟೆ. ಆಗಸ್ಟಿನಲ್ಲಿ ಮನೆಯವರನ್ನೆಲ್ಲ ಸೇರಿಸಿ ಒಂದು ಸಭೆ ಮಾಡಿದೆ. ತಂದೆ, ತಾಯಿ, ಚಿಕ್ಕಮ್ಮ, ಸೋದರಮಾವ ಎಲ್ಲರೂ ಬಂದರು. ಎಲ್ಲರೂ ಹುಡುಗನಿಗೆ ಬುದ್ಧಿ ಹೇಳಿದರು. ನಾನೂ ನನ್ನ ಮಾತಿನಲ್ಲಿ ಅದನ್ನೇ ಹೇಳಿದೆ. "ಚೆನ್ನಾಗಿ ಓದಿ ಮನುಷ್ಯನಾಗು" ಎಂದು ಸೋದರಮಾವ ಮೂರನೇ ಸಲ ಹೇಳಿದಾಗ ಹುಡುಗ ಎದ್ದು ನಿಂತ. ತಂದೆ ನನ್ನ ಕಣ್ಣೆದುರೇ ಕಪಾಳಕ್ಕೆ ಹೊಡೆದರು. ಹನ್ನೆರಡು ದಿನ ಅವನು ನಮ್ಮ ಕೇಂದ್ರದ ಕಡೆ ತಲೆ ಹಾಕಲಿಲ್ಲ, ಶಾಲೆಗೂ ಹೋಗಲಿಲ್ಲ. ಆ ಸಭೆಯ ಟಿಪ್ಪಣಿ ಕಡತದಲ್ಲಿದೆ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಅದನ್ನು ಓದಲು ಕೊಡುತ್ತೇನೆ: ಐವರು ದೊಡ್ಡವರು, ಒಬ್ಬ ಹುಡುಗ, ಒಂದು ಗಂಟೆ, ಅವನು ಆಡಿದ್ದು ಒಟ್ಟು ಎರಡು ಮಾತು.

ಸಾಲದ ಪುಸ್ತಕ

ಅವನು ಬರದಿದ್ದರೆ ನಾನೇ ಹೋಗಬೇಕು. ಲಗ್ಗೆರೆ ಬ್ರಿಡ್ಜ್ ಹತ್ತಿರ, ಹೊರ ವರ್ತುಲ ರಸ್ತೆಯ ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ಅವನು ಸಿಗುತ್ತಾನೆ ಎಂದು ಚಿಕ್ಕಮ್ಮ ಹೇಳಿದರು. ಸೆಪ್ಟೆಂಬರ್ ಮೊದಲ ವಾರ ಒಂದು ಮಧ್ಯಾಹ್ನ ಹೋದೆ. ಅವನು ಸ್ಕೂಟರಿನ ಹಿಂದಿನ ಚಕ್ರ ಬಿಚ್ಚುತ್ತಿದ್ದ. ನನ್ನನ್ನು ನೋಡಿ ಓಡಲಿಲ್ಲ, ಮಾತನ್ನೂ ಆಡಲಿಲ್ಲ. ನಾನು ಸ್ಟೂಲಿನ ಮೇಲೆ ಕುಳಿತೆ. ಟ್ಯೂಬನ್ನು ನೀರಿನ ಬಾಣಲಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗಕ್ಕೆ ಬೆರಳಿಟ್ಟು ಕಡ್ಡಿಯಿಂದ ಗುರುತು ಮಾಡುವಾಗ ಅವನ ಕೈ ಎಷ್ಟು ಸಮಾಧಾನವಾಗಿತ್ತೆಂದರೆ, ಪಾತ್ರೆ ಎಸೆಯುವ ಹುಡುಗ ಇವನೇ ಎಂದು ನಂಬಲಾಗಲಿಲ್ಲ.

ಗಾಳಿ ಹಾಕಿಸಿಕೊಂಡ ಆಟೊದವರೊಬ್ಬರು "ನಾಳೆ ಕೊಡುತ್ತೇನೆ" ಎಂದು ಹೊರಟರು. ಅಂಗಡಿಯ ಯಜಮಾನರು ಇರಲಿಲ್ಲ. ಹುಡುಗ ಗೋಡೆಯ ಮೊಳೆಗೆ ತೂಗುಹಾಕಿದ್ದ ಉದ್ದನೆಯ ನೋಟುಪುಸ್ತಕ ತೆಗೆದು, ಪೆನ್ಸಿಲಿನಿಂದ ಏನೋ ಬರೆದು ಮತ್ತೆ ತೂಗುಹಾಕಿದ. ಅವನು ನೀರು ತರಲು ಹೋದಾಗ ನಾನು ಆ ಪುಸ್ತಕ ತೆರೆದೆ.

ಅದರಲ್ಲಿ ಒಂದೂ ಅಕ್ಷರವಿರಲಿಲ್ಲ. ಪುಟದ ತುಂಬ ಚಿತ್ರಗಳು. ಮುಂದಿನ ಗಾಜಿನ ಮೇಲೆ ನಕ್ಷತ್ರವಿರುವ ಆಟೊ, ಎದುರಿಗೆ 20. ಕನ್ನಡಿ ಮುರಿದ ಸ್ಕೂಟರ್, 150. ಮೀಸೆಯ ಮುಖ ಬರೆದು ಪಕ್ಕದಲ್ಲಿ ತಳ್ಳುಗಾಡಿ, 60; ಅದರಲ್ಲಿ 40 ಹೊಡೆದು ಹಾಕಿ 20. ಪುಟದ ಕೆಳಗೆ ಕೂಡಿದ ಮೊತ್ತ. ನಾನು ಎರಡು ಪುಟ ಕೂಡಿ ನೋಡಿದೆ. ಒಂದು ರೂಪಾಯಿಯೂ ತಪ್ಪಿರಲಿಲ್ಲ.

ಒಂಬತ್ತನೇ ತರಗತಿಯ ಹುಡುಗ ಲೆಕ್ಕ ಇಷ್ಟು ಚೊಕ್ಕವಾಗಿ ಮಾಡುತ್ತಾನೆ, ಆದರೆ "ಆಟೊ" ಎಂದು ಬರೆಯುವ ಬದಲು ಆಟೊ ಚಿತ್ರ ಬರೆಯುತ್ತಾನೆ. ಆರು ವಾರಗಳಿಂದ "ಓದು ಇಷ್ಟವಿಲ್ಲ" ಎಂಬ ಅವನ ಮಾತನ್ನು ನಾನು ಮನಸ್ಸಿನ ವಿಷಯವೆಂದು ಬರೆದುಕೊಳ್ಳುತ್ತ ಬಂದಿದ್ದೆ.

ಮರುದಿನ ಶಾಲೆಗೆ ಹೋಗಿ ಹಾಜರಿ ಪುಸ್ತಕ ಕೇಳಿದೆ. ಬೆಳಗಿನ ಹಾಜರಿಗೆ ಒಂದು ಓರೆ ಗೆರೆ, ಮಧ್ಯಾಹ್ನದ್ದಕ್ಕೆ ಅದರ ಮೇಲೆ ಅಡ್ಡ ಇನ್ನೊಂದು. ಇಡೀ ದಿನ ಇದ್ದ ಮಗುವಿನ ಮುಂದೆ ಗುಣಿಸುವ ಚಿಹ್ನೆ ಕಾಣುತ್ತದೆ. ಇವನ ಹೆಸರಿನ ಮುಂದೆ ಜೂನ್, ಜುಲೈ ಎರಡರಲ್ಲೂ ಸಾಲು ಸಾಲಾಗಿ ಒಂಟಿ ಗೆರೆಗಳು. ಬೆಳಿಗ್ಗೆ ಬರುತ್ತಿದ್ದ, ಬಿಸಿಯೂಟ ಮಾಡುತ್ತಿದ್ದ, ಆಮೇಲೆ ಕಾಣೆಯಾಗುತ್ತಿದ್ದ. ಊಟದ ನಂತರದ ಮೊದಲ ಅವಧಿ ಯಾವುದೆಂದು ವೇಳಾಪಟ್ಟಿ ನೋಡಿದೆ. ವಾರದಲ್ಲಿ ನಾಲ್ಕು ದಿನ ಕನ್ನಡ. ನಿದ್ದೆ ಬರುವ ಹೊತ್ತೆಂದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಪಾಠ ಓದಿಸುವ ಅವಧಿ.

ಓದಿಗೆ ಏನಾಗಿತ್ತು

ಅಂದು ಸಂಜೆ ಅವನ ಪಕ್ಕ ಮೆಟ್ಟಿಲ ಮೇಲೆ ಕುಳಿತು ಕೇಳಿದೆ: "ಬಸ್ಸನ್ನು ಹೇಗೆ ಗುರುತು ಹಿಡಿಯುತ್ತೀಯ ಪುಟ್ಟ?" "ನಂಬರ್ ನೋಡಿ." "ಬೋರ್ಡ್?" ಸುಮ್ಮನಾದ. ನಾಲ್ಕನೇ ತರಗತಿಯ ಪುಸ್ತಕದ ಒಂದು ಪುಟ ಮುಂದಿಟ್ಟೆ. ಬಿಡಿ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದ. ಒತ್ತಕ್ಷರ ಬಂದಲ್ಲೆಲ್ಲ ಕೆಳಗಿನದನ್ನು ಬಿಟ್ಟು ಮೇಲಿನದನ್ನಷ್ಟೇ ಓದಿದ: "ಹಣ್ಣು" ಅವನಿಗೆ "ಹಣು", "ಕಪ್ಪೆ" ಅವನಿಗೆ "ಕಪೆ". ಪ, ಷ, ಮ, ವ ಒಂದಕ್ಕೊಂದು ಅದಲುಬದಲಾಗುತ್ತಿದ್ದವು. ಆರು ಸಾಲಿಗೆ ಏಳು ನಿಮಿಷ ಹಿಡಿಯಿತು, ಅಂಗಿಯ ಬೆನ್ನು ಬೆವರಿತು. ಅದೇ ಪುಟವನ್ನು ನಾನು ಒಮ್ಮೆ ಓದಿ ಹೇಳಿ ಪ್ರಶ್ನೆ ಕೇಳಿದೆ. ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟ.

ಊರಿನ ಶಾಲೆಯಲ್ಲಿ ಎಲ್ಲರೂ ಒಟ್ಟಿಗೆ ಹೇಳುವುದನ್ನು ಕೇಳಿ ಬಾಯಿಪಾಠ ಮಾಡುತ್ತಿದ್ದನಂತೆ. ಪುಸ್ತಕ ಕೈಯಲ್ಲಿ ಹಿಡಿದು ಪಾಠವನ್ನು ನೆನಪಿನಿಂದ ಒಪ್ಪಿಸುತ್ತಿದ್ದ, ಯಾರಿಗೂ ಗೊತ್ತಾಗಲಿಲ್ಲ. ಹೈಸ್ಕೂಲಿನ ಪಾಠಗಳು ಬಾಯಿಪಾಠಕ್ಕೆ ಸಿಗದಷ್ಟು ಉದ್ದ. ಎಂಟನೇ ತರಗತಿಯಲ್ಲಿ ಒಮ್ಮೆ ತಡವರಿಸಿದಾಗ ತರಗತಿ ನಕ್ಕಿತು. ಮರುದಿನದಿಂದ ಊಟವಾದ ಮೇಲೆ ಕಾಂಪೌಂಡ್ ಹಾರತೊಡಗಿದ. ಹೊರಗೆ ಆ ಹೊತ್ತಿನಲ್ಲಿ ಖಾಲಿ ಇದ್ದವರು ಸೊಲ್ಯೂಷನ್ ಮೂಸುವ ಹುಡುಗರೇ. ಮೊಬೈಲ್ ಕದ್ದದ್ದೂ ಅವರ ಋಣ ತೀರಿಸಲು. ನಾನು ಬೇರು ಅಂದುಕೊಂಡದ್ದು ಕೊಂಬೆಯ ತುದಿಯಾಗಿತ್ತು.

ಇದು ನಿರ್ದಿಷ್ಟ ಕಲಿಕಾ ನ್ಯೂನತೆ, ಅಂದರೆ ಬುದ್ಧಿ ಸರಿಯಿದ್ದೂ ಓದು ಬರಹದಂಥ ಕಲಿಕೆ ಮಾತ್ರ ಕೈಗೂಡದ ತೊಂದರೆ, ಇರಬಹುದು ಎಂದು ನನಗನ್ನಿಸಿತು. ಆದರೆ ಅನ್ನಿಸಿದ್ದು ಸಾಲದು. ಕಣ್ಣು, ಕಿವಿ ಸರಿಯಿವೆಯೇ, ಬುದ್ಧಿಮಟ್ಟ ಹೇಗಿದೆ, ಕಲಿಸಿದ್ದೇ ಕಡಿಮೆಯಾಗಿ ಹೀಗಾಗಿದೆಯೇ ಎಂದೆಲ್ಲ ತಜ್ಞರು ನೋಡಿಯೇ ಹೇಳಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ನ್ಯೂನತೆಗಳಲ್ಲಿ ಇದೂ ಒಂದು. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವಿನಂಥ ವಿನಾಯಿತಿಗಳಿಗೆ ಶಾಲೆಯ ಮೂಲಕ ಅರ್ಜಿ ಹಾಕಬಹುದು.

ಜೊತೆಗೆ ಹೋಗುವುದು

"ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ" ಎಂದು ಚೀಟಿ ಬರೆದುಕೊಡುವುದಕ್ಕೆ ಎರಡು ನಿಮಿಷ ಸಾಕು. ಆ ಚೀಟಿ ಹಿಡಿದ ತಾಯಿಯ ದಿನ ಹೇಗಿರುತ್ತದೆ ಎಂದು ಈ ಪ್ರಕರಣದಲ್ಲಿ ಲೆಕ್ಕ ಹಾಕಿದೆವು. ಲಗ್ಗೆರೆಯಿಂದ ಮೆಜೆಸ್ಟಿಕ್, ಅಲ್ಲಿಂದ ಇನ್ನೊಂದು ಬಸ್ ಹಿಡಿದು ಹೊಸೂರು ರಸ್ತೆ. ಶಕ್ತಿ ಯೋಜನೆಯಿಂದ ತಾಯಿಗೆ ಟಿಕೆಟ್ ಇಲ್ಲ, ಮಗನಿಗೆ ಇದೆ. ಬೆಳಿಗ್ಗೆ ಆರಕ್ಕೆ ಹೊರಡಬೇಕು. ಒಂದೇ ದಿನಕ್ಕೆ ಮುಗಿಯುವ ಪರೀಕ್ಷೆಯಲ್ಲ. ಪ್ರತಿ ಸಲವೂ ಆ ದಿನದ ಕೂಲಿ ಹೋಗುತ್ತದೆ, ತಿಂಗಳ ಹಾಜರಾತಿ ಬೋನಸ್ ಹೋಗುತ್ತದೆ, ಲೈನಿನಲ್ಲಿ ಸೂಪರ್‌ವೈಸರ್ ಮಾತು ಕೇಳಬೇಕಾಗುತ್ತದೆ, ವಾರದ ಕಂತಿಗೆ ಕೈಸಾಲ ಮಾಡಬೇಕಾಗುತ್ತದೆ. ಎರಡನೇ ಭೇಟಿಗೆ ಬಾರದ ತಾಯಿಯನ್ನು "ಆಸಕ್ತಿಯಿಲ್ಲದ ಪೋಷಕರು" ಎಂದು ಕಡತದಲ್ಲಿ ಬರೆಯುವವರನ್ನು ನಾನು ನೋಡಿದ್ದೇನೆ. ನನಗೆ ಅದನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ.

ಹೀಗಾಗಿ ಹಂಚಿಕೊಂಡೆವು. ಮೊದಲ ಮತ್ತು ಕೊನೆಯ ಭೇಟಿಗೆ ತಾಯಿ, ನಡುವಿನ ಎರಡಕ್ಕೆ ಚಿಕ್ಕಮ್ಮ. ಪ್ರತಿ ಸಲವೂ ನಮ್ಮ ಕೇಂದ್ರದ ಒಬ್ಬರು ಜೊತೆಗೆ. ಕಣ್ಣು, ಕಿವಿಯ ಪರೀಕ್ಷೆಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ತಾಯಿಯ ಸಂಬಳದಿಂದ ತಿಂಗಳು ತಿಂಗಳು ಇಎಸ್‌ಐ ಹಣ ಕಡಿತವಾಗುತ್ತಿತ್ತು. ಕಾರ್ಡು ಮನೆಯ ಟ್ರಂಕಿನ ಅಡಿಯಲ್ಲಿತ್ತು. ಗಂಡನಿಗೂ ಮಕ್ಕಳಿಗೂ ಅದರಲ್ಲಿ ಚಿಕಿತ್ಸೆ ಸಿಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಅವರ ಮನೆಗೆ ಹತ್ತಿರ.

ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ವಿಭಾಗದಲ್ಲಿ ನವೆಂಬರ್ ಕೊನೆಗೆ ವರದಿ ಸಿಕ್ಕಿತು. ಬುದ್ಧಿಮಟ್ಟ ಸರಿಯಾಗಿದೆ; ಓದು ಮತ್ತು ಬರವಣಿಗೆಯಲ್ಲಿ ಕಲಿಕಾ ನ್ಯೂನತೆ ಇದೆ. ತಾಯಿಗೆ ವೈದ್ಯರು ಕನ್ನಡದಲ್ಲಿ ನಿಧಾನವಾಗಿ ವಿವರಿಸಿದರು. ಹೊರಗೆ ಮರದ ಕೆಳಗೆ ಕುಳಿತಾಗ ತಾಯಿ ಮಗನ ಕಡೆ ನೋಡದೆ ನನ್ನನ್ನು ಕೇಳಿದರು: "ಹಾಗಾದರೆ ಇಷ್ಟು ವರ್ಷ ನಾನು ಹೊಡೆದದ್ದು?" ನಾನು ಏನೂ ಹೇಳಲಿಲ್ಲ. ಹುಡುಗ ಚೀಲದಿಂದ ನೀರಿನ ಬಾಟಲಿ ತೆಗೆದು ತಾಯಿಗೆ ಕೊಟ್ಟ.

ಶಾಲೆ, ಅಂಗಡಿ

ಶಾಲೆಯ ಮಾತು ಬೇಗ ಮುಗಿಸುತ್ತೇನೆ, ಏಕೆಂದರೆ ಕಷ್ಟವಾಗಬಹುದೆಂದುಕೊಂಡದ್ದು ಸುಲಭವಾಯಿತು. ವರದಿ ಓದಿದ ಕನ್ನಡ ಶಿಕ್ಷಕಿ ಬಹಳ ನೊಂದುಕೊಂಡರು. "ನಾನು ಸೋಮಾರಿ ಎಂದುಕೊಂಡಿದ್ದೆ, ಅವನನ್ನೇ ಮೊದಲು ನಿಲ್ಲಿಸುತ್ತಿದ್ದೆ" ಎಂದರು. ಮುಖ್ಯೋಪಾಧ್ಯಾಯರ ಬಳಿ ಅವರೇ ವಾದಿಸಿದರು. ವರ್ಗಾವಣೆಯ ಮಾತು ನಿಂತಿತು. ತರಗತಿಯ ಎದುರು ಓದಿಸುವುದಿಲ್ಲ, ಬಾಯಿಯಲ್ಲಿ ಉತ್ತರ ಹೇಳಿದರೆ ಅಂಕ ಕೊಡುತ್ತೇವೆ ಎಂದು ಒಪ್ಪಿದರು. ಹತ್ತನೇ ತರಗತಿಗೆ ಶೇ 75 ಹಾಜರಾತಿ ಬೇಕೆಂಬ ನಿಯಮವನ್ನು ಮಾತ್ರ ಅವನಿಗೆ ನೇರವಾಗಿ ತಿಳಿಸಿದರು.

ಪಂಕ್ಚರ್ ಅಂಗಡಿಯ ವಿಷಯದಲ್ಲಿ ನಮ್ಮಲ್ಲೇ ಭಿನ್ನಾಭಿಪ್ರಾಯವಿತ್ತು. ಸಹೋದ್ಯೋಗಿಯೊಬ್ಬರು ಪೂರ್ತಿ ಬಿಡಿಸಬೇಕೆಂದರು. 14ರಿಂದ 18ರ ನಡುವಿನವರನ್ನು ಅಪಾಯಕಾರಿ ಕೆಲಸಕ್ಕೆ ಹಾಕಬಾರದೆಂದು ಕಾನೂನಿದೆ. ಅಂಟು ಮೂಸುವ ಹುಡುಗನನ್ನು ಅಂಟಿನ ಡಬ್ಬಿಯ ಪಕ್ಕ ಕೂರಿಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಅವರ ಮಾತು ನಿಜ. ಆದರೆ ಇಡೀ ಬೆಂಗಳೂರಿನಲ್ಲಿ ಅವನನ್ನು ಜಾಣ ಎಂದು ಕರೆಯುತ್ತಿದ್ದ ಜಾಗ ಅದೊಂದೇ. ಯಜಮಾನರ ಹತ್ತಿರ ಕುಳಿತು ಮಾತನಾಡಿದೆ. ಸೊಲ್ಯೂಷನ್ ಟ್ಯೂಬುಗಳನ್ನು ಎಣಿಸಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು, ಪ್ಯಾಚ್ ಹಾಕುವ ಕೆಲಸ ಅವರೇ ಮಾಡುವುದು, ಹುಡುಗ ಶನಿವಾರ ಮತ್ತು ಭಾನುವಾರ ಎರಡು ಗಂಟೆ ಗಾಳಿ ಹಾಕುವುದು, ಲೆಕ್ಕ ಬರೆಯುವುದು ಅಷ್ಟೇ ಎಂದು ಒಪ್ಪಂದವಾಯಿತು. ದೊಡ್ಡ ಹುಡುಗರನ್ನು ಅಂಗಡಿಯ ಮುಂದೆ ಕೂರಲು ಬಿಡುವುದಿಲ್ಲ ಎಂದು ಅವರಾಗಿಯೇ ಹೇಳಿದರು, ನಡೆಸಿಕೊಟ್ಟರು ಕೂಡ. ಇದು ಸರಿಯಾದ ತೀರ್ಮಾನವೇ ಎಂದು ಈಗಲೂ ನಾನು ಪ್ರತಿ ತಿಂಗಳು ಯೋಚಿಸುತ್ತೇನೆ.

ಓದಿಸುವ ಹೊಣೆಯನ್ನು ಪಕ್ಕದ ಬೀದಿಯ ನಿವೃತ್ತ ಶಿಕ್ಷಕರೊಬ್ಬರು ಹೊತ್ತರು. ಸಂಜೆ ಇಪ್ಪತ್ತು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಶಿಶುಗೀತೆಯ ಪುಸ್ತಕ ಕೊಟ್ಟರೆ ಹದಿನೈದರ ಹುಡುಗನಿಗೆ ಅವಮಾನ. ಮೇಷ್ಟ್ರು ಸಾಲದ ಪುಸ್ತಕವನ್ನೇ ಪಠ್ಯ ಮಾಡಿಕೊಂಡರು. ಪ್ರತಿ ಚಿತ್ರದ ಕೆಳಗೆ ಅದರ ಹೆಸರು. "ಚಕ್ರ" ಬಂದಾಗ ರ-ಒತ್ತು, "ನಟ್ಟು" ಬಂದಾಗ ಟ-ಒತ್ತು, "ಬ್ಯಾಟರಿ"ಯಲ್ಲಿ ಯ-ಒತ್ತು. ಒತ್ತನ್ನು ಬೇರೆ ಬಣ್ಣದ ಪೆನ್ಸಿಲಿನಲ್ಲಿ ಬರೆಸಿದರು. "ಪಂಕ್ಚರ್" ಎಂದು ತಪ್ಪಿಲ್ಲದೆ ಬರೆಯಲು ಹನ್ನೊಂದು ದಿನ ಬೇಕಾಯಿತು.

ತಂದೆ

ತಂದೆಯನ್ನು ಹಿಡಿಯುವುದು ಹುಡುಗನಿಗಿಂತ ಕಷ್ಟವಾಯಿತು. ಕಪಾಳಕ್ಕೆ ಹೊಡೆದ ದಿನದ ನಂತರ ಅವರು ನನ್ನ ಮುಖ ತಪ್ಪಿಸುತ್ತಿದ್ದರು. ಅವರು ಪ್ರತಿ ವರ್ಷ ಅಯ್ಯಪ್ಪ ಮಾಲೆ ಹಾಕುತ್ತಾರೆ, ವ್ರತದ 41 ದಿನ ಹನಿಯೂ ಮುಟ್ಟುವುದಿಲ್ಲ ಎಂದು ತಾಯಿ ಒಮ್ಮೆ ಹೇಳಿದ್ದರು. ಹಿಂದಿನ ವರ್ಷದ ಹಾಜರಿ ಪುಸ್ತಕ ತೆಗೆಸಿ ನೋಡಿದೆ. ಆ ದಿನಗಳಲ್ಲಿ ಹುಡುಗನ ಒಂಟಿ ಗೆರೆಗಳು ಅರ್ಧಕ್ಕಿಳಿದಿದ್ದವು.

ಆ ಬೀದಿಯ ಗುರುಸ್ವಾಮಿಗಳನ್ನು ಹೋಗಿ ಕಂಡೆ. ಹಿರಿಯರು, ಕಡಿಮೆ ಮಾತಿನವರು. ಅವರು ತಂದೆಯನ್ನು ಕರೆಸಿ, ನಾನು ಹೊರಗೆ ಕಾಯುತ್ತಿದ್ದಾಗ ಒಳಗೆ ಅರ್ಧ ಗಂಟೆ ಮಾತನಾಡಿದರು. ಏನು ಹೇಳಿದರೆಂದು ನನಗೆ ಗೊತ್ತಿಲ್ಲ. ಮರುವಾರ ತಂದೆ ತಾವಾಗಿಯೇ ಬಂದರು. ಮಾತಿನ ನಡುವೆ, ಪ್ರತಿ ವರ್ಷ ಮಾಲೆ ಹಾಕಿದ ಮೊದಲ ಮೂರು ದಿನ ಕೈ ನಡುಗುತ್ತದೆ, ಬೆಳಗಿನ ಜಾವದ ತಣ್ಣೀರು ಸ್ನಾನಕ್ಕೆ ಹಾಗಾಗುತ್ತದೆ ಎಂದರು. ಅದು ತಣ್ಣೀರಿನ ನಡುಕವಲ್ಲ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಮೊದಲ ಕೆಲವು ದಿನಗಳಲ್ಲಿ ನಡುಕ, ಕೆಲವರಿಗೆ ಫಿಟ್ಸ್, ಬುದ್ಧಿಭ್ರಮಣೆ ಆಗುತ್ತದೆ, ಪ್ರಾಣಕ್ಕೂ ಅಪಾಯ. ಮನೆಯಲ್ಲಿ ಆಣೆ ಹಾಕಿಸಿ ನಿಲ್ಲಿಸುವುದು ಅಪಾಯಕಾರಿ ಎಂದು ಹೇಳುವುದು ಇದಕ್ಕೇ. ಮಾಲೆ ಹಾಕುವ ಮೊದಲೇ ಇಎಸ್‌ಐ ಆಸ್ಪತ್ರೆಯಲ್ಲಿ ತೋರಿಸಿದೆವು, ವೈದ್ಯರು ಕೆಲವು ದಿನಗಳಿಗೆ ಮಾತ್ರೆ ಕೊಟ್ಟರು. ಆ ವರ್ಷ ಕೈ ನಡುಗಲಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಮೇಲೂ ಪ್ರತಿ ಶನಿವಾರ ಭಜನೆಗೆ ಬರಬೇಕೆಂದು ಗುರುಸ್ವಾಮಿಗಳು ಕಟ್ಟುನಿಟ್ಟು ಮಾಡಿದರು. ಮಾರ್ಚಿನಲ್ಲಿ ಒಮ್ಮೆ ಕುಡಿದರು, ಎರಡು ದಿನ ಬಿಟ್ಟು ತಾವೇ ಬಂದು ಹೇಳಿದರು.

ಫೆಬ್ರವರಿಯ ಒಂದು ರಾತ್ರಿ

ಎಲ್ಲವೂ ಏರುಮುಖವಾಗಿಯೇ ಹೋಯಿತು ಎಂದು ಯಾರೂ ತಿಳಿಯಬಾರದು. ಫೆಬ್ರವರಿಯಲ್ಲಿ ಹಳೆಯ ಹುಡುಗರಲ್ಲೊಬ್ಬ ದಾರಿಯಲ್ಲಿ ಅಡ್ಡಗಟ್ಟಿ ಹಣ ಕೇಳಿದ. ಆ ದಿನ ಹುಡುಗ ಮತ್ತೆ ಮೂಸಿದ. ರಾತ್ರಿ ಹನ್ನೊಂದರ ಹೊತ್ತಿಗೆ ಮನೆಗೆ ಬಂದು, ಗೋಡೆಗೆ ತಲೆಯಿಟ್ಟು, ಬದುಕುವುದು ಬೇಡ ಎಂದು ಅಳತೊಡಗಿದ. ತಾಯಿ ಬರೆದಿಟ್ಟ ಕಾಗದ ತೆಗೆದರು. ಬೈಯಲಿಲ್ಲ. ಕಿಟಕಿ ತೆಗೆದರು, ಕೂರಿಸಿದರು. 14416ಕ್ಕೆ ಕರೆ ಮಾಡಿದರು. ಆ ಕಡೆಯವರು ಕನ್ನಡದಲ್ಲಿ ಮೊದಲು ತಾಯಿಯ ಜೊತೆ, ಆಮೇಲೆ ಹುಡುಗನ ಜೊತೆ ಮಾತನಾಡಿ, ಒಬ್ಬನನ್ನೇ ಬಿಡಬೇಡಿ, ಬೆಳಿಗ್ಗೆ ಆಸ್ಪತ್ರೆಗೆ ತೋರಿಸಿ ಎಂದರು. ತಂದೆ ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿಕೊಂಡು ಮಲಗಿದರು. ಬೆಳಿಗ್ಗೆ ಏಳಕ್ಕೆ ನನಗೆ ಕರೆ ಬಂತು. ಎಂಟಕ್ಕೆ ನಾವು ನಾಲ್ವರೂ ಬಸ್ಸಿನಲ್ಲಿದ್ದೆವು. ಆ ಒಂದು ರಾತ್ರಿಯಲ್ಲಿ ಆ ಮನೆ ಮಾಡಿದ್ದು ಯಾವ ಕೇಂದ್ರವೂ ಮಾಡಲಾಗದ ಕೆಲಸ.

ಅದಾದ ಮೇಲೆ ಹದಿನೈದು ದಿನಕ್ಕೊಮ್ಮೆ ಆಪ್ತಸಮಾಲೋಚನೆ ನಡೆಯುತ್ತಿದೆ. ಇಂದಿಗೆ ನಾಲ್ಕು ತಿಂಗಳಾಯಿತು, ಒಮ್ಮೆ ಮಾತ್ರ ಮೂಸಿದ್ದಾನೆ. ಈಗ ಹತ್ತನೇ ತರಗತಿ. ಜೂನ್ ತಿಂಗಳ ಹಾಜರಿಯಲ್ಲಿ ಮೂರು ಒಂಟಿ ಗೆರೆಗಳಿವೆ. ಎರಡು ಆಸ್ಪತ್ರೆಯ ದಿನಗಳು. ಓದು ಸುಮಾರು ನಾಲ್ಕನೇ ತರಗತಿಯ ಮಟ್ಟ ತಲುಪಿದೆ. ಪರೀಕ್ಷೆಯ ವಿನಾಯಿತಿಗೆ ಶಾಲೆ ಕಾಗದಪತ್ರ ಸಿದ್ಧ ಮಾಡುತ್ತಿದೆ. ಒಂದೇ ಸಲಕ್ಕೆ ಪಾಸಾಗುವುದು ಕಷ್ಟ ಎಂದು ಅವನಿಗೆ ಹೇಳಿದ್ದೇವೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿರುವುದರಿಂದ ವಿಷಯಗಳನ್ನು ಹಂಚಿಕೊಂಡು ಮುಗಿಸುವ ಯೋಚನೆಯಿದೆ. ಆಮೇಲೆ ಐಟಿಐ ಸೇರಬೇಕೆಂಬುದು ಅವನ ಆಸೆ. ಕಡತ ಮುಚ್ಚಿಲ್ಲ.

ಹೋದ ವಾರ ತಾಯಿ ಯಾರೂ ಕರೆಯದೆ ಬಂದರು. ಮತ್ತೆ ಸಂಜೆ ಏಳೂವರೆ, ಕೊರಳಲ್ಲಿ ಅದೇ ಗುರುತಿನ ಚೀಟಿ. ಈ ಸಲ ಜೊತೆಯಲ್ಲಿದ್ದವಳು ಮಗಳು. ಕುರ್ಚಿಯಲ್ಲಿ ಕುಳಿತು, ಮಗಳ ಚೀಲದಿಂದ ಕನ್ನಡ ನೋಟುಪುಸ್ತಕ ತೆಗೆದು, ಹಾಳೆ ತಿರುವಿ ಒಂದು ಸಾಲಿಗೆ ನಿಂತರು. ಸೂಜಿ ಚುಚ್ಚಿ ಗಟ್ಟಿಯಾದ ತೋರುಬೆರಳನ್ನು ಒಂದು ಪದದ ಕೆಳಗಿಟ್ಟರು. ಮಗು "ಅಜಿ" ಎಂದು ಬರೆದಿತ್ತು.

"ಒತ್ತು ಬಿಟ್ಟಿದ್ದಾಳೆ ಮೇಡಂ" ಎಂದರು. "ಇನ್ನೂ ಮೂರು ಕಡೆ ಇದೆ. ನೋಡಿ."